ಗೇರ್ ಬಾಕ್ಸ್ ಇಳಿಸುವ ಮುಂಚೆ

ಭಾರತ ಹುಣ್ಣಿಮೆಯ ಆಸುಪಾಸಿನಲ್ಲಿ ಸವದತ್ತಿಯಿಂದ ಯಲ್ಲಮ್ಮನ ಗುಡ್ಡ ಹತ್ತಿದವರಿಗೆ ಒಂದು ವಾಸನೆ ಗೊತ್ತಿರುತ್ತದೆ. ಅದು ಭಂಡಾರದ್ದಲ್ಲ, ಊದಿನಕಡ್ಡಿಯದ್ದೂ ಅಲ್ಲ. ಏನೋ ಸುಟ್ಟು ಕಮರಿದಂತೆ ಮೂಗಿಗೆ ಅಡರುವ ಘಾಟು. ಏರಿನಲ್ಲಿ ಕ್ರೂಸರ್, ಟಂಟಂ, ಟ್ರ್ಯಾಕ್ಟರ್, ಕಾರು ಎಲ್ಲ ಒಂದರ ಬೆನ್ನಿಗೊಂದು ಅಂಟಿಕೊಂಡು ನಿಂತಿರುತ್ತವೆ. ಮುಂದಿನ ಗಾಡಿ ಒಂದು ಮಾರು ಸರಿದರೆ ನಾವೂ ಒಂದು ಮಾರು. ಬ್ರೇಕ್ ಬಿಟ್ಟರೆ ಗಾಡಿ ಹಿಂದಕ್ಕೆ ಉರುಳುತ್ತದೆ, ಕ್ಲಚ್ ಪೂರ್ತಿ ಬಿಟ್ಟರೆ ಮುಂದಿನದಕ್ಕೆ ಹೋಗಿ ಗುದ್ದುತ್ತದೆ. ಹಾಗಾಗಿ ಚಾಲಕನ ಎಡಗಾಲು ತಾಸುಗಟ್ಟಲೆ ಅರ್ಧ ಕ್ಲಚ್ಚಿನ ಮೇಲೆ. ತಾಯಿಯ ದರ್ಶನ ಮುಗಿಸಿ ಊರಿಗೆ ಬಂದ ನಾಲ್ಕೆಂಟು ದಿನಕ್ಕೆ ಗಾಡಿಯ ಪಿಕಪ್ ಹೋಗುತ್ತದೆ, ಗ್ಯಾರೇಜಿನಲ್ಲಿ ತೀರ್ಪು ಬರುತ್ತದೆ: "ಕ್ಲಚ್ ಪ್ಲೇಟ್ ಹೋಗೇತ್ರಿ. ಗೇರ್ ಬಾಕ್ಸ್ ಇಳಸಬೇಕು."

ಈ ಮಾತು ಕೇಳಿದ ಕೂಡಲೇ ಮಾಲೀಕನ ತಲೆಯಲ್ಲಿ ಎರಡು ಯೋಚನೆ ಏಳುತ್ತವೆ. ಒಂದು, ಎಷ್ಟು ಖರ್ಚು? ಎರಡು, ಮೊಬೈಲಿನಲ್ಲಿ ಯಾರೋ ಮನೆಯಂಗಳದಲ್ಲೇ ಮಾಡಿ ತೋರಿಸುತ್ತಾರಲ್ಲ, ನಾನೇ ಯಾಕೆ ಮಾಡಬಾರದು? ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಊರುಗಳಲ್ಲಿ ಈ ಎರಡನೇ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ನಾಲ್ಕಕ್ಕೂ ರೈಲಿಲ್ಲ. ಆಸ್ಪತ್ರೆ, ಮಾರುಕಟ್ಟೆ, ಕೋರ್ಟು, ಬೀಗರ ಊರು, ಎಲ್ಲಕ್ಕೂ ರಸ್ತೆಯೇ ಗತಿ. ಬೈಲಹೊಂಗಲದ ಕೆಎ-24 ಪಟ್ಟಿ ಹೊತ್ತ ಗಾಡಿ ಒಂದು ವಾರ ನಿಂತರೆ ಒಂದು ಮನೆಯ ವಹಿವಾಟೇ ನಿಲ್ಲುತ್ತದೆ. ಈ ಲೇಖನ ಎರಡೂ ದಾರಿಗಳನ್ನು, ನಡುವೆ ಇರುವ ಮೂರನೆಯದೊಂದನ್ನು, ತೂಗಿ ನೋಡುವ ಪ್ರಯತ್ನ.

ಬೀಸುಕಲ್ಲಿನ ನಡುವೆ

ಮೊದಲು ಕೆಟ್ಟಿರುವುದು ಏನು ಎಂಬುದು ಸ್ಪಷ್ಟವಾಗಲಿ. ಬೀಸುಕಲ್ಲು ನೋಡಿದವರಿಗೆ ಕ್ಲಚ್ ಅರ್ಥವಾಗುವುದು ಕಷ್ಟವಲ್ಲ. ಒಂದು ಕಲ್ಲು ಎಂಜಿನ್ನಿಗೆ ಬೋಲ್ಟ್ ಆಗಿರುವ ಫ್ಲೈವೀಲ್. ಇನ್ನೊಂದು ಕಲ್ಲು ಪ್ರೆಶರ್ ಪ್ಲೇಟ್. ಇವೆರಡರ ನಡುವೆ ಸಿಕ್ಕಿರುವ ತೆಳುವಾದ ಬಿಲ್ಲೆಯೇ ಕ್ಲಚ್ ಪ್ಲೇಟ್. ಅದರ ಎರಡೂ ಮೈಗೆ ಘರ್ಷಣೆಯ ಲೈನಿಂಗ್ ಹಚ್ಚಿ ರಿವೆಟ್ ಹೊಡೆದಿರುತ್ತಾರೆ. ಪೆಡಲ್ ಬಿಟ್ಟಾಗ ಪ್ರೆಶರ್ ಪ್ಲೇಟಿನ ಸ್ಪ್ರಿಂಗು ಬಿಲ್ಲೆಯನ್ನು ಫ್ಲೈವೀಲಿಗೆ ಒತ್ತಿ ಹಿಡಿಯುತ್ತದೆ, ಮೂರೂ ಒಂದಾಗಿ ತಿರುಗುತ್ತವೆ, ಎಂಜಿನ್ನಿನ ಬಲ ಗೇರ್ ಬಾಕ್ಸಿಗೆ ಹೋಗುತ್ತದೆ. ಪೆಡಲ್ ಒತ್ತಿದಾಗ ರಿಲೀಸ್ ಬೇರಿಂಗ್ ಬಂದು ಆ ಸ್ಪ್ರಿಂಗಿನ ಬೆರಳುಗಳನ್ನು ತಳ್ಳುತ್ತದೆ, ಹಿಡಿತ ಸಡಿಲವಾಗುತ್ತದೆ.

ಪೂರ್ತಿ ಒತ್ತಿದ್ದಾಗಲೂ ಪೂರ್ತಿ ಬಿಟ್ಟಾಗಲೂ ಬಿಲ್ಲೆ ಸವೆಯುವುದಿಲ್ಲ. ಸವೆಯುವುದು ನಡುವಿನ ಸ್ಥಿತಿಯಲ್ಲಿ, ಕಲ್ಲು ತಿರುಗುತ್ತಿದ್ದು ಬಿಲ್ಲೆ ಜಾರುತ್ತಿರುವಾಗ. ಆಗ ಕಾಳಿನ ಬದಲು ಬಿಲ್ಲೆಯೇ ಹಿಟ್ಟಾಗುತ್ತದೆ. ಗುಡ್ಡದ ಏರಿನ ಆ ಘಾಟು ಈ ಹಿಟ್ಟು ಸುಡುವ ವಾಸನೆ. ಅದಕ್ಕೇ ಒಂದೇ ಕಂಪನಿಯ ಒಂದೇ ಕಾರಿನ ಕ್ಲಚ್ ಒಬ್ಬನ ಕೈಯಲ್ಲಿ ಲಕ್ಷ ಕಿಲೋಮೀಟರ್ ದಾಟುತ್ತದೆ, ಇನ್ನೊಬ್ಬನ ಕಾಲಡಿ ಮೂವತ್ತು ಸಾವಿರಕ್ಕೆ ಮುಗಿಯುತ್ತದೆ. ಲೈನಿಂಗ್ ಸವೆದು ರಿವೆಟ್ ತಲೆಯಿಂದ ಅರ್ಧ ಮಿಲಿಮೀಟರಿನಷ್ಟು ಮಾತ್ರ ಉಳಿಯಿತೆಂದರೆ ಹೊಸದು ಹಾಕುವ ಹೊತ್ತು. ಅಲ್ಲಿಗೂ ನಿಲ್ಲದೆ ಓಡಿಸಿದರೆ ರಿವೆಟ್ಟು ಫ್ಲೈವೀಲಿಗೆ ತಾಗಿ ಗೀರು ಹಾಕುತ್ತದೆ, ಆಮೇಲೆ ಲೇಥಿನ ಖರ್ಚೂ ಸೇರುತ್ತದೆ.

ನಮ್ಮ ದಾರಿ, ನಮ್ಮ ಸವೆತ

ನಾಲ್ಕು ಊರಿನ ಕ್ಲಚ್ಚುಗಳು ಒಂದೇ ರೀತಿ ಸಾಯುವುದಿಲ್ಲ. ಕಿತ್ತೂರು ಬೆಳಗಾವಿ–ಧಾರವಾಡ ನಡುವಿನ ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದ ಊರು. ಹೆದ್ದಾರಿಯಲ್ಲಿ ಟಾಪ್ ಗೇರ್ ಹಾಕಿದರೆ ಕ್ಲಚ್ಚಿಗೆ ಕೆಲಸವೇ ಇಲ್ಲ. ಅಲ್ಲಿ ದಿನಾ ಓಡಾಡುವ ಕಾರಿನ ಪ್ಲೇಟು ಮುಪ್ಪಾಗಿ ಸಹಜ ಸಾವು ಸಾಯುತ್ತದೆ. ಆದರೆ ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ, ಮುನವಳ್ಳಿಯ ರೇಣುಕಾ ಶುಗರ್ಸ್ ಇಂಥವುಗಳಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಒಳರಸ್ತೆಗಳ ಕಥೆ ಬೇರೆ. ಎರಡೆರಡು ಟ್ರೇಲರ್ ಜಗ್ಗುವ ಟ್ರ್ಯಾಕ್ಟರಿನ ಹಿಂದೆ, ಓವರ್‌ಟೇಕಿಗೆ ಜಾಗವಿಲ್ಲದ ರಸ್ತೆಯಲ್ಲಿ, ಮೊದಲನೇ ಮತ್ತು ಎರಡನೇ ಗೇರಿನ ನಡುವೆ ತೆವಳುತ್ತ ಹೋಗಬೇಕು. ಅಲ್ಲಿ ಎಷ್ಟೋ ಜನ ಪೆಡಲ್ ಮೇಲಿನ ಪಾದ ತೆಗೆಯುವುದೇ ಇಲ್ಲ.

ಬೈಲಹೊಂಗಲ ಹತ್ತಿಯ ಊರು, ಕರಿ ಎರೆ ಮಣ್ಣಿನ ನಾಡು. ಒಂದು ದೊಡ್ಡ ಮಳೆ ಬಿದ್ದರೆ ಹೊಲದ ದಾರಿ ಅಂಟಾಗುತ್ತದೆ. ಹೂತ ಗಾಡಿಯನ್ನು ಎಬ್ಬಿಸಲು ರೇಸ್ ಕೊಟ್ಟು ಕ್ಲಚ್ ಬಿಟ್ಟು ಹಿಡಿದು ಹಿಂದೆ ಮುಂದೆ ಮಾಡುವ ಹತ್ತು ನಿಮಿಷ, ಹೆದ್ದಾರಿಯ ಸಾವಿರಾರು ಕಿಲೋಮೀಟರಿನಷ್ಟು ಸವೆತ ತರಬಲ್ಲದು. ಸವದತ್ತಿಗೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ದವನದ ಹುಣ್ಣಿಮೆಗಳ ಏರು ಇದೆ. ರಾಮದುರ್ಗಕ್ಕೆ ಮಲಪ್ರಭೆ ಇದ್ದಾಳೆ. 2019ರ ಆಗಸ್ಟಿನ ನೆರೆಯಲ್ಲಿ ಆ ಊರು, ಸುತ್ತಲಿನ ಹಳ್ಳಿಗಳು ನೀರು ಕಂಡವು. ನೀರಲ್ಲಿ ನೆನೆದು ವಾರಗಟ್ಟಲೆ ನಿಂತ ಗಾಡಿಯಲ್ಲಿ ಪ್ಲೇಟು ತುಕ್ಕಿನಿಂದ ಫ್ಲೈವೀಲಿಗೆ ಅಂಟಿಕೊಳ್ಳುತ್ತದೆ. ಪೆಡಲ್ ಎಷ್ಟು ಒತ್ತಿದರೂ ಬಿಡುವುದಿಲ್ಲ, ಗೇರ್ ಬೀಳುವುದಿಲ್ಲ. ಇದು ಸವೆತವಲ್ಲ, ಅಂಟು. ಆದರೆ ಗಡಿಬಿಡಿಯಲ್ಲಿ ಇಂಥದ್ದಕ್ಕೂ "ಕ್ಲಚ್ ಹೋಗೇತಿ" ಎಂಬ ಒಂದೇ ಹೆಸರು.

ಹೋಗಿದ್ದು ಪ್ಲೇಟೇ ಹೌದೇ?

ಈ ಒಂದೇ ಹೆಸರಿನಿಂದಲೇ ದುಡ್ಡು ಪೋಲಾಗುವುದು. ಮನೆಯಲ್ಲಿ ಮಾಡಬೇಕೋ ಗ್ಯಾರೇಜಿಗೆ ಬಿಡಬೇಕೋ ಎಂಬ ಪ್ರಶ್ನೆಗೂ ಮೊದಲಿನದು ಇದು. ಮತ್ತು ಇದಕ್ಕೆ ಉತ್ತರ ಹುಡುಕಲು ಒಂದು ಬೋಲ್ಟನ್ನೂ ಬಿಚ್ಚಬೇಕಾಗಿಲ್ಲ.

ಸವೆದ ಪ್ಲೇಟಿನ ಗುರುತು ಒಂದೇ: ಎಂಜಿನ್ ಕೂಗುತ್ತದೆ, ಗಾಡಿ ಓಡುವುದಿಲ್ಲ. ಏರಿನಲ್ಲಿ, ದೊಡ್ಡ ಗೇರಿನಲ್ಲಿ ಆಕ್ಸಿಲರೇಟರ್ ತುಳಿದಾಗ ಇದು ಎದ್ದು ಕಾಣುತ್ತದೆ. ಅನುಮಾನವಿದ್ದರೆ ಸಮತಟ್ಟಾದ ಖಾಲಿ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಬಿಗಿಯಾಗಿ ಎಳೆದು, ಮೂರನೇ ಗೇರ್ ಹಾಕಿ, ಕ್ಲಚ್ ಮೆಲ್ಲಗೆ ಬಿಡಿ. ಎಂಜಿನ್ ತಟ್ಟನೆ ಬಂದ್ ಬಿದ್ದರೆ ಹಿಡಿತ ಇನ್ನೂ ಇದೆ. ಬಂದ್ ಬೀಳದೆ ಓಡುತ್ತಲೇ ಇದ್ದರೆ ಪ್ಲೇಟು ಜಾರುತ್ತಿದೆ. ಈ ಪರೀಕ್ಷೆಯನ್ನು ಒಂದು ಸಲ ಮಾಡಿದರೆ ಸಾಕು, ಮತ್ತೆ ಮತ್ತೆ ಮಾಡಿದರೆ ಅದೇ ಪ್ಲೇಟನ್ನು ಸುಡುತ್ತದೆ.

ಉಳಿದ ಲಕ್ಷಣಗಳೆಲ್ಲ ಬೇರೆ ಬೇರೆ ಕಾಯಿಲೆಗಳು. ರಿವರ್ಸ್ ಹಾಕುವಾಗ ಕರ್ರೆಂದು ಹಲ್ಲು ಕಡಿದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಅದು ಕೇಬಲ್ಲಿನ, ಹೈಡ್ರಾಲಿಕ್ಕಿನ ದೋಷವಾಗಿರಬಹುದು. ಪೆಡಲ್ ಒತ್ತಿದಾಗ ಸುಂಯ್ ಎಂಬ ಸದ್ದು ಬಂದು ಬಿಟ್ಟಾಗ ನಿಂತರೆ ರಿಲೀಸ್ ಬೇರಿಂಗ್ ಮೇಲೆ ಅನುಮಾನ. ಒತ್ತಿದಾಗ ಸದ್ದು ನಿಂತು ಬಿಟ್ಟಾಗ ಬಂದರೆ ಗೇರ್ ಬಾಕ್ಸಿನ ಬೇರಿಂಗ್ ಮೇಲೆ. ಗಾಡಿ ಎತ್ತುವಾಗ ಗಡಗಡ ನಡುಗಿದರೆ ಪ್ಲೇಟಿಗೆ ಆಯಿಲ್ ತಾಗಿರಬಹುದು, ಎಂಜಿನ್ನಿನ ಮೌಂಟಿಂಗ್ ರಬ್ಬರೂ ಹರಿದಿರಬಹುದು. ಹೈಡ್ರಾಲಿಕ್ ಕ್ಲಚ್ಚಿನ ಪೆಡಲ್ ಸ್ಪಂಜಿನಂತೆ ಕುಸಿದರೆ ಮಾಸ್ಟರ್ ಸಿಲಿಂಡರೋ ಸ್ಲೇವ್ ಸಿಲಿಂಡರೋ ಸೋರುತ್ತಿರಬಹುದು.

ಇನ್ನೂ ಒಂದು ಸೂಕ್ಷ್ಮವಿದೆ. ಕೇಬಲ್ ಕ್ಲಚ್ಚಿನ ಹಳೆಯ ಕಾರುಗಳಲ್ಲಿ ಪ್ಲೇಟು ಸವೆದಂತೆ ಪೆಡಲಿನ ತುದಿಯಲ್ಲಿರಬೇಕಾದ ಒಂದೆರಡು ಸೆಂಟಿಮೀಟರ್ ಸಡಿಲು, ಅಂದರೆ 'ಪ್ಲೇ', ಕಡಿಮೆಯಾಗುತ್ತ ಬರುತ್ತದೆ. ಅದು ಸೊನ್ನೆಯಾದರೆ, ಕಾಲು ಇಡದಿದ್ದರೂ ಬೇರಿಂಗು ಸ್ಪ್ರಿಂಗನ್ನು ಒತ್ತುತ್ತಲೇ ಇರುತ್ತದೆ, ಇನ್ನೂ ಆಯುಷ್ಯವಿರುವ ಪ್ಲೇಟೂ ಜಾರುತ್ತದೆ. ಆಗ ಬೇಕಾಗಿರುವುದು ಹೊಸ ಸೆಟ್ ಅಲ್ಲ, ಕೇಬಲ್ ತುದಿಯ ನಟ್ಟು ಸಡಿಲಿಸಲು ಒಂದು ಪಾನಾ. ಹತ್ತು ನಿಮಿಷದ ಕೆಲಸ. ಮನೆಯಲ್ಲಿ ಕ್ಲಚ್ ರಿಪೇರಿ ಎಂಬ ಮಾತಿಗೆ ಎಲ್ಲರಿಗೂ ಒಪ್ಪುವ ಅರ್ಥವಿದ್ದರೆ ಅದು ಇದೇ.

ಮನೆಯಲ್ಲೇ ಮಾಡುತ್ತೇನೆ ಎನ್ನುವವರ ಪರ

ಈಗ ಪ್ಲೇಟು ನಿಜವಾಗಿಯೂ ಹೋಗಿದೆ ಎಂದುಕೊಳ್ಳೋಣ. ಮನೆಯಲ್ಲೇ ಬದಲಿಸಬೇಕೆನ್ನುವವರ ವಾದದಲ್ಲಿ ತಿರುಳಿಲ್ಲವೆಂದಲ್ಲ. ಮಜೂರಿ ಉಳಿಯುತ್ತದೆ. ಯಾವ ಸಾಮಾನು ಬಿತ್ತು ಎಂಬುದು ಕಣ್ಣಿಗೆ ಕಾಣುತ್ತದೆ. ಅವಸರವಿಲ್ಲದೆ, ಒಂದೊಂದು ಬೋಲ್ಟನ್ನೂ ಸ್ವಚ್ಛ ಮಾಡಿ ಕೂಡಿಸಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ತನ್ನ ಗಾಡಿಯ ಹೊಟ್ಟೆಯೊಳಗೆ ಏನಿದೆ ಎಂದು ಒಮ್ಮೆ ನೋಡಿದವನನ್ನು ಆಮೇಲೆ ಯಾರೂ ಸುಲಭವಾಗಿ ಯಾಮಾರಿಸಲಾರರು.

ನಮ್ಮ ಕಡೆ ಇದು ಹೊಸ ಮಾತೂ ಅಲ್ಲ. ರೈತನ ಟ್ರ್ಯಾಕ್ಟರಿನ ಕ್ಲಚ್ ಹೋದರೆ ಟ್ರ್ಯಾಕ್ಟರು ಊರಿಗೆ ಹೋಗುವುದಿಲ್ಲ, ಮಿಸ್ತ್ರಿಯೇ ಹೊಲಕ್ಕೆ ಬರುತ್ತಾನೆ. ಬೇವಿನ ಗಿಡದ ನೆರಳಲ್ಲಿ ಟ್ರ್ಯಾಕ್ಟರನ್ನು ನಡು ಮುರಿದಂತೆ ಎರಡು ಭಾಗ ಮಾಡಿ, ಕೆಳಗೆ ದಿಮ್ಮಿ ಕೊಟ್ಟು, ಎಂಜಿನ್ ಒಂದು ಕಡೆ, ಗೇರ್ ಬಾಕ್ಸ್ ಒಂದು ಕಡೆ ಸರಿಸುತ್ತಾರೆ. ಮನೆಯವರೆಲ್ಲ ಕೈ ಹಚ್ಚುತ್ತಾರೆ. ಹೀಗೆ ಬೆಳೆದ ಹುಡುಗನಿಗೆ ಕಾರು ಬಿಚ್ಚುವುದೆಂದರೆ ದೊಡ್ಡ ಭಯವೇನಿಲ್ಲ.

ಆದರೆ ಮೊಬೈಲಿನಲ್ಲಿ ನೋಡುವ ಚಿತ್ರಗಳು ಹೆಚ್ಚಿನವು ಬಂದಿರುವುದು ಬೇರೆ ಲೆಕ್ಕಾಚಾರದ ನಾಡುಗಳಿಂದ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಸಾಮಾನಿಗಿಂತ ಕೈಗೂಲಿ ತುಟ್ಟಿ. ಅಲ್ಲಿ ನೆಲೆಸಿದ ನಮ್ಮವರೂ ಗ್ಯಾರೇಜಿನ ತಾಸಿನ ದರ ಕೇಳಿ ತೋಳೇರಿಸುತ್ತಾರೆ. ಇಂಗ್ಲೆಂಡಿನಲ್ಲಿ 1960ರ ದಶಕದಲ್ಲಿ ಜಾನ್ ಹೇನ್ಸ್ ಶುರುಮಾಡಿದ ಕೈಪಿಡಿಗಳು, ಒಂದು ಕಾರನ್ನು ಪೂರ್ತಿ ಬಿಚ್ಚಿ ಮತ್ತೆ ಕೂಡಿಸುತ್ತ ಬರೆದ ಪುಸ್ತಕಗಳು, ಮನೆಮನೆಯ ಗ್ಯಾರೇಜಿಗೆ ಹೋದದ್ದು ಈ ಕಾರಣಕ್ಕೆ. ಅಲ್ಲಿ ಮನೆಗೊಂದು ಸಿಮೆಂಟು ನೆಲದ ಗ್ಯಾರೇಜೂ ಇರುತ್ತದೆ. ನಮ್ಮಲ್ಲಿ ತದ್ವಿರುದ್ಧ: ಸಾಮಾನು ತುಟ್ಟಿ, ಕೈ ಅಗ್ಗ, ನೆಲ ಮಣ್ಣು.

ಲೆಕ್ಕ ಹೀಗೆ ಹಾಕಿ ನೋಡಿ. ಒಂದು ಸಣ್ಣ ಕಾರಿನ ಕ್ಲಚ್ ಇಳಿಸಿ ಹಾಕುವ ಮಜೂರಿ 3,000 ರೂಪಾಯಿ ಎಂದು ಹಿಡಿಯೋಣ. ನಿಮ್ಮ ಗ್ಯಾರೇಜಿನ ದರ ಹೆಚ್ಚು ಕಡಿಮೆ ಇದ್ದರೆ ಅದನ್ನೇ ಇಟ್ಟುಕೊಳ್ಳಿ. ಮನೆಯಲ್ಲಿ ಮಾಡಲು ಬೇಕಾದವು: ಟ್ರಾಲಿ ಜ್ಯಾಕ್, ಕನಿಷ್ಠ ಎರಡು ಸ್ಟ್ಯಾಂಡು, ಸಾಕೆಟ್ ಸೆಟ್, ಟಾರ್ಕ್ ರೆಂಚ್, ಎಂಜಿನ್ ತೂಗುಹಾಕಲು ಅಡ್ಡಕಂಬಿ ಅಥವಾ ಚೈನ್ ಬ್ಲಾಕ್, ಪ್ಲೇಟು ನಡುವಿಗೆ ಕೂರಿಸುವ ಸಾಧನ. ಇವೆಲ್ಲ ಸೇರಿದರೆ ಮಜೂರಿಯ ಹಲವು ಪಟ್ಟು. ಕ್ಲಚ್ ಬದಲಿಸುವ ಪ್ರಸಂಗ ಬರುವುದು ಐದಾರು ವರ್ಷಕ್ಕೊಮ್ಮೆ. ಅಂದರೆ ಉಳಿತಾಯ ಕೈಗೆ ಹತ್ತುವಷ್ಟರಲ್ಲಿ ಕಾರೇ ಮೋಡ್ಕಾ ಅಂಗಡಿಗೆ ಹೋಗಿರುತ್ತದೆ. ಸಾಧನ ಈಗಾಗಲೇ ಇದ್ದವರಿಗೆ, ಮನೆಯಲ್ಲಿ ನಾಲ್ಕೈದು ಗಾಡಿ ಇದ್ದವರಿಗೆ, ಕೆಲಸವೇ ಪ್ರೀತಿ ಎನ್ನುವವರಿಗೆ ಮಾತ್ರ ಈ ಲೆಕ್ಕ ಹೊಂದುತ್ತದೆ.

ಹಿತ್ತಿಲಿನಲ್ಲಿ ಎದುರಾಗುವುದು

ದುಡ್ಡಿನ ಮಾತು ಬದಿಗಿಟ್ಟು ಕೆಲಸ ನೋಡೋಣ. ಮುಂದಿನ ಚಕ್ರ ಓಡಿಸುವ ಆಲ್ಟೊ, ಸ್ವಿಫ್ಟಿನಂಥ ಕಾರುಗಳಲ್ಲಿ ಎಂಜಿನ್ನೂ ಗೇರ್ ಬಾಕ್ಸೂ ಅಡ್ಡಡ್ಡ ಮಲಗಿರುತ್ತವೆ. ಬ್ಯಾಟರಿ ತಂತಿ ತೆಗೆದು, ಮುಂಚಕ್ರ ಬಿಚ್ಚಿ, ಗೇರ್ ಆಯಿಲ್ ಇಳಿಸಿ, ಎರಡೂ ಡ್ರೈವ್ ಶಾಫ್ಟ್ ಎಳೆದು, ಸ್ಟಾರ್ಟರ್ ಮೋಟರ್, ಕೇಬಲ್ಲು, ಗೇರ್ ಲಿಂಕು ಬೇರ್ಪಡಿಸಿ, ಎಂಜಿನ್ನಿಗೆ ಆಸರೆ ಕೊಟ್ಟು, ಮೌಂಟಿಂಗ್ ಕಳಚಿದ ಮೇಲೆ ಗೇರ್ ಬಾಕ್ಸ್ ಇಳಿಯುತ್ತದೆ. ಬೊಲೆರೊ, ಕ್ರೂಸರಿನಂಥ ಹಿಂಚಕ್ರದ ಗಾಡಿಗಳಲ್ಲಿ ಪ್ರೊಪೆಲರ್ ಶಾಫ್ಟ್ ಕಳಚಿ ಗೇರ್ ಬಾಕ್ಸನ್ನು ಹಿಂದಕ್ಕೆ ಸರಿಸುತ್ತಾರೆ. ದಾರಿ ಸರಳ, ತೂಕ ಹೆಚ್ಚು. ಪಳಗಿದ ಇಬ್ಬರು ಅರ್ಧ ದಿನದಲ್ಲಿ ಮುಗಿಸುವ ಕೆಲಸಕ್ಕೆ ಹೊಸಬ ಎರಡು ದಿನ ಇಟ್ಟುಕೊಳ್ಳಬೇಕು.

ಮೊದಲ ಅಪಾಯ ತೂಕದ್ದು. ಸಣ್ಣ ಕಾರಿನ ಗೇರ್ ಬಾಕ್ಸೂ ಸಿಮೆಂಟು ಚೀಲದ ಅರ್ಧದಿಂದ ಮುಕ್ಕಾಲು ಭಾರ ಇರುತ್ತದೆ. ಅಂಗಾತ ಮಲಗಿ ಅದನ್ನು ಎದೆಯ ಮೇಲೆ ಇಳಿಸಿಕೊಳ್ಳುವುದು ಬಲದ ಮಾತಲ್ಲ, ಮೂರ್ಖತನ. ಅದಕ್ಕಿಂತ ದೊಡ್ಡದು ಗಾಡಿಯ ಭಾರ. ಜ್ಯಾಕ್ ಇರುವುದು ಎತ್ತಲಿಕ್ಕೆ, ಹಿಡಿದು ನಿಲ್ಲಿಸಲಿಕ್ಕಲ್ಲ. ಕೆಳಗೆ ಸ್ಟ್ಯಾಂಡು ಇರಲೇಬೇಕು. ಇಟ್ಟಿಗೆ, ಟೊಳ್ಳು ಸಿಮೆಂಟು ಬ್ಲಾಕು, ಕಲ್ಲಿನ ಗುಡ್ಡೆ ಇವು ಸ್ಟ್ಯಾಂಡಿನ ಬದಲಿಯಲ್ಲ. ಹಸಿ ಎರೆ ಮಣ್ಣಿನ ಮೇಲೆ ನಿಜವಾದ ಸ್ಟ್ಯಾಂಡೂ ಒಂದು ಕಾಲು ಹುಗಿದು ವಾಲುತ್ತದೆ. ಗಟ್ಟಿ ಕಾಂಕ್ರೀಟು ನೆಲವಿಲ್ಲದವರು ಇಲ್ಲಿಗೇ ಈ ಯೋಚನೆ ಕೈಬಿಡುವುದು ಒಳ್ಳೆಯದು.

ಎರಡನೆಯದು ದೂಳು. ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗ್ ತೆರೆದಾಗ ಉದುರುವ ಕರಿ ಪುಡಿಯಲ್ಲಿ ಏನಿದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ದಶಕಗಳ ಕಾಲ ಕ್ಲಚ್ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇತ್ತು, ಅದರ ಎಳೆ ಶ್ವಾಸಕೋಶ ಸೇರಿದರೆ ವರ್ಷಗಳ ಮೇಲೆ ಕ್ಯಾನ್ಸರಾಗಿ ಏಳಬಹುದು. ಒಳ್ಳೆಯ ಕಂಪನಿಗಳು ಅದನ್ನು ಬಿಟ್ಟಿವೆ. ಆದರೆ ಭಾರತದಲ್ಲಿ ಬಿಳಿ ಆಸ್ಬೆಸ್ಟಾಸಿನ ಬಳಕೆ ಪೂರ್ತಿ ನಿಂತಿಲ್ಲ, ಹೆಸರಿಲ್ಲದ ಅಗ್ಗದ ಪ್ಲೇಟಿನಲ್ಲಿ ಇಲ್ಲವೆಂದು ಭರವಸೆ ಕೊಡುವವರೂ ಇಲ್ಲ. ಆದ್ದರಿಂದ ಆ ಪುಡಿಯನ್ನು ಬಾಯಿಂದಾಗಲಿ ಏರ್ ಪೈಪಿನಿಂದಾಗಲಿ ಊದಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಹಾಕಬೇಕು. ಈ ಎಚ್ಚರ ಗ್ಯಾರೇಜಿನ ಹುಡುಗರಿಗೆ ಇನ್ನೂ ಹೆಚ್ಚು ಬೇಕು, ಯಾಕೆಂದರೆ ನಾವು ಒಮ್ಮೆ ಉಸಿರಾಡುವುದನ್ನು ಅವರು ದಿನವೂ ಉಸಿರಾಡುತ್ತಾರೆ.

ಮೂರನೆಯದು ಜೋಡಣೆಯ ನಾಜೂಕು. ಪ್ಲೇಟಿನ ಒಂದು ನಿರ್ದಿಷ್ಟ ಮೈ ಫ್ಲೈವೀಲಿನ ಕಡೆಗೇ ಇರಬೇಕು, ತಿರುಗುಮುರುಗಾದರೆ ಎಲ್ಲ ಮತ್ತೆ ಇಳಿಸಬೇಕು. ಪ್ಲೇಟು ಸರಿಯಾಗಿ ನಡುವಿಗೆ ಕೂರದಿದ್ದರೆ ಗೇರ್ ಬಾಕ್ಸಿನ ಶಾಫ್ಟ್ ಒಳಗೆ ಹೋಗುವುದಿಲ್ಲ. ನಮ್ಮ ಮಿಸ್ತ್ರಿಗಳು ಇದಕ್ಕೆ ಹಳೆ ಗೇರ್ ಬಾಕ್ಸಿನ ಶಾಫ್ಟಿನ ತುಂಡನ್ನೇ ಇಟ್ಟುಕೊಂಡಿರುತ್ತಾರೆ. ಹೊಸಬ ಇಲ್ಲಿ ತಾಳ್ಮೆಗೆಟ್ಟು ಬೋಲ್ಟ್ ಬಿಗಿಯುತ್ತ ಗೇರ್ ಬಾಕ್ಸನ್ನು ಎಳೆಯಲು ನೋಡುತ್ತಾನೆ. ಅಥವಾ ಅದರ ಭಾರವನ್ನು ಶಾಫ್ಟಿನ ಮೇಲೇ ತೂಗಬಿಡುತ್ತಾನೆ. ಹೊಸ ಪ್ಲೇಟಿನ ನಡುಭಾಗ ಸೊಟ್ಟಗಾಗುತ್ತದೆ, ಮೊದಲ ದಿನದಿಂದಲೇ ಗೇರ್ ಕರ್ರೆನ್ನುತ್ತದೆ. ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಶಾಫ್ಟಿನ ಹಲ್ಲಿಗೆ ಗ್ರೀಸು ತೆಳ್ಳಗೆ ಸವರಬೇಕು, ಹೆಚ್ಚಾದದ್ದು ಚಿಮ್ಮಿ ಹೊಸ ಲೈನಿಂಗಿಗೆ ತಾಗುತ್ತದೆ. ಎಣ್ಣೆ ಕೈಯಿಂದ ಪ್ಲೇಟಿನ ಮೈ ಮುಟ್ಟಬಾರದು.

ಇನ್ನು ಕೆಲವು ಗಾಡಿಗಳಿಗೆ ಮನೆಯ ಬಾಗಿಲೇ ಮುಚ್ಚಿದೆ. 2014ರಲ್ಲಿ ಮಾರುತಿಯ ಸೆಲೆರಿಯೊದೊಂದಿಗೆ ಅಗ್ಗದ ಕಾರಿಗೂ ಎಎಂಟಿ, ಅಂದರೆ ತಾನೇ ಗೇರ್ ಬದಲಿಸುವ ಗೇರ್ ಬಾಕ್ಸ್, ಬಂತು. ಎಡಗಾಲಿನ ಪೆಡಲ್ ಇಲ್ಲದಿದ್ದರೂ ಒಳಗೆ ಇರುವುದು ಅದೇ ಒಣ ಪ್ಲೇಟು, ಅದನ್ನು ಒತ್ತುವುದು ಮಾತ್ರ ಯಂತ್ರ. ಹೊಸ ಪ್ಲೇಟು ಹಾಕಿದ ಮೇಲೆ ಅದು ಎಲ್ಲಿ ಹಿಡಿಯುತ್ತದೆ ಎಂಬುದನ್ನು ಸ್ಕ್ಯಾನರ್ ಹಚ್ಚಿ ಯಂತ್ರಕ್ಕೆ ಕಲಿಸಬೇಕು. ಸ್ಕ್ಯಾನರ್ ಇಲ್ಲದ ಸಣ್ಣ ಗ್ಯಾರೇಜಿಗೂ ಇದು ಕೈಗೆಟುಕದ ಕೆಲಸ.

ಗ್ಯಾರೇಜಿನ ಗುಣ, ಗ್ಯಾರೇಜಿನ ದೋಷ

ಹಾಗೆಂದು ಗ್ಯಾರೇಜಿಗೆ ಬಿಟ್ಟು ಕೈತೊಳೆದುಕೊಂಡರೆ ಆಯಿತೇ? ಗ್ಯಾರೇಜಿನ ಬಲ ಕೈಯ ಪಳಗುವಿಕೆ. ಐಟಿಐಯ ಎರಡು ವರ್ಷದ ಮೋಟಾರ್ ಮೆಕ್ಯಾನಿಕ್ ಕೋರ್ಸು ಮುಗಿಸಿ ಬಂದವರಿದ್ದಾರೆ, ಆದರೆ ನಮ್ಮ ತಾಲ್ಲೂಕು ಊರುಗಳ ಬಹುಪಾಲು ಮಿಸ್ತ್ರಿಗಳು ಉಸ್ತಾದನ ಕೈಕೆಳಗೆ ಬೆಳೆದವರು. ಮೊದಲು ಡೀಸೆಲ್ಲಿನಲ್ಲಿ ಸಾಮಾನು ತೊಳೆಯುವುದು, ಆಮೇಲೆ ಪಾನಾ ನಂಬರು ಕೂಗಿದೊಡನೆ ಕೈಗೆ ಕೊಡುವುದು, ಆಮೇಲೆ ಬೋಲ್ಟು. ಹೀಗೆ ಕಲಿತವನ ಕಿವಿ ಸದ್ದಿನಿಂದಲೇ ಬೇರಿಂಗನ್ನು ಗುರುತಿಸುತ್ತದೆ. ತುಕ್ಕು ಹಿಡಿದ ಬೋಲ್ಟು ಮುರಿಯುವ ಮೊದಲು ಅವನ ಕೈಗೆ ತಿಳಿಯುತ್ತದೆ. ಮುರಿದರೂ ಪಕ್ಕದಲ್ಲೇ ವೆಲ್ಡಿಂಗ್, ಲೇಥ್ ಇರುತ್ತವೆ. ಮನೆಯಲ್ಲಿ ಭಾನುವಾರ ಸಂಜೆ ಬೋಲ್ಟು ಮುರಿದರೆ, ಅರ್ಧ ಬಿಚ್ಚಿದ ಗಾಡಿಯನ್ನು ಸಾಗಿಸಲು ಇನ್ನೊಂದು ಗಾಡಿ ಬೇಕು.

ದೋಷಗಳೂ ಇವೆ. ಎಲ್ಲಕ್ಕಿಂತ ದೊಡ್ಡದು ಅರೆಬರೆ ಬದಲಾವಣೆ. ಬರೀ ಪ್ಲೇಟು ಹಾಕಿ, ಹಳೆಯ ಪ್ರೆಶರ್ ಪ್ಲೇಟು, ಹಳೆಯ ಬೇರಿಂಗು ಹಾಗೇ ಬಿಡುವುದು. ಗಿರಾಕಿ ಕಡಿಮೆಯಲ್ಲಿ ಮುಗಿಸು ಎಂದಿರುತ್ತಾನೆ, ಮಿಸ್ತ್ರಿ ಮುಗಿಸಿರುತ್ತಾನೆ. ಆರು ತಿಂಗಳಿಗೆ ಬೇರಿಂಗ್ ಕೂಗಿದರೆ ಅದೇ ಗೇರ್ ಬಾಕ್ಸನ್ನು ಮತ್ತೆ ಇಳಿಸಬೇಕು, ಅದೇ ಮಜೂರಿ ಮತ್ತೆ ತೆರಬೇಕು. ಒಮ್ಮೆ ಇಳಿಸಿದ ಮೇಲೆ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು ಮೂರನ್ನೂ ಬದಲಿಸುವುದು, ಕ್ರ್ಯಾಂಕ್ ಶಾಫ್ಟಿನ ಹಿಂದಿನ ಆಯಿಲ್ ಸೀಲು ಸೋರುತ್ತಿದೆಯೇ ನೋಡುವುದು, ಫ್ಲೈವೀಲಿನ ಮೈ ಮೇಲೆ ನೀಲಿ ಕಲೆ, ಗೀರು ಇದ್ದರೆ ಲೇಥಿಗೆ ಕಳಿಸುವುದು, ಇವೇ ನಿಜವಾದ ಉಳಿತಾಯ.

ಎರಡನೇ ದೋಷ ಸಾಮಾನಿನದು. 'ಒರಿಜಿನಲ್', 'ಕಂಪನಿ', 'ಲೋಕಲ್' ಎಂಬ ಮೂರು ಹೆಸರುಗಳ ನಡುವೆ ಎಷ್ಟೋ ಡಬ್ಬಿಗಳು ಬಣ್ಣ ಬದಲಿಸುತ್ತವೆ. ಮೂರನೆಯದು ಬಿಲ್ಲು. ಒಂದು ಚೀಟಿಯ ಹಿಂದೆ ಪೆನ್ನಿನಲ್ಲಿ ಬರೆದ ಮೊತ್ತವೇ ಬಿಲ್ಲಾದರೆ, ನಾಳೆ ತಕರಾರು ಬಂದಾಗ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಬೆಳಗಾವಿ, ಧಾರವಾಡ, ಹುಬ್ಬಳ್ಳಿಯ ಅಧಿಕೃತ ಸರ್ವಿಸ್ ಸೆಂಟರುಗಳಲ್ಲಿ ಬಿಲ್ಲು, ಗ್ಯಾರಂಟಿ ಸಿಗುತ್ತವೆ, ದರವೂ ಅದಕ್ಕೆ ತಕ್ಕಂತೆ. ಅಲ್ಲಿ ಗಾಡಿಯ ಹತ್ತಿರ ನಿಂತು ನೋಡಲು ಬಿಡುವುದು ಕಡಿಮೆ. ಮತ್ತು ಜಾರುವ ಕ್ಲಚ್ಚಿನ ಗಾಡಿಯನ್ನು ರಾಮದುರ್ಗದಿಂದ ಅಲ್ಲಿಗೆ ಒಯ್ಯುವುದೇ ಒಂದು ಖರ್ಚು.

ಸಾಮಾನು ನಮ್ಮದು, ಮಜೂರಿ ನಿಮ್ಮದು

ನಮ್ಮ ಭಾಗದ ಜನ ಈ ಎರಡರ ನಡುವೆ ತಮ್ಮದೇ ದಾರಿ ಮಾಡಿಕೊಂಡಿದ್ದಾರೆ. ಸಾಮಾನನ್ನು ಮಾಲೀಕನೇ ಹುಬ್ಬಳ್ಳಿಯಿಂದಲೋ ಬೆಳಗಾವಿಯಿಂದಲೋ ತರುತ್ತಾನೆ, ಮಿಸ್ತ್ರಿಗೆ ಬರೀ ಮಜೂರಿ. ಕೆಲಸ ನಡೆಯುವಾಗ ಪಕ್ಕದಲ್ಲಿ ಕುಂತು ಚಹಾ ತರಿಸುತ್ತ ನೋಡುತ್ತಾನೆ. ಇದರ ಲಾಭ ದೊಡ್ಡದು: ಡಬ್ಬಿ ನಮ್ಮ ಕಣ್ಣೆದುರೇ ಒಡೆಯುತ್ತದೆ, ಬಿಲ್ಲು ನಮ್ಮ ಹೆಸರಿನಲ್ಲಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳಿಗೆ ಜಿಎಸ್‌ಟಿ ಒಂದೇ ಸಮ ಶೇ. 18 ಆಗಿದೆ. ಮೊದಲು ಹಲವು ಸಾಮಾನಿಗೆ ಶೇ. 28 ಇತ್ತು. ಹಾಗಾಗಿ ಬಿಲ್ಲಿಲ್ಲದೆ ಕೊಳ್ಳುವ ಆಸೆಗೆ ಕಾರಣವೂ ಕಡಿಮೆಯಾಗಿದೆ.

ಒಂದು ತೊಡಕೂ ಇದೆ. ಆಮೇಲೆ ಕ್ಲಚ್ ನಡುಗಿದರೆ ಮಿಸ್ತ್ರಿ "ಸಾಮಾನ ನಿಮ್ದರಿ" ಎನ್ನುತ್ತಾನೆ, ಅಂಗಡಿಯವ "ಫಿಟಿಂಗ್ ಸರಿ ಇಲ್ರಿ" ಎನ್ನುತ್ತಾನೆ. ಇದಕ್ಕೆ ಮದ್ದು ಕೆಲಸಕ್ಕೆ ಮೊದಲಿನ ಮಾತುಕತೆ. ಯಾವ ಸೆಟ್ ತರಬೇಕೆಂದು ಮಿಸ್ತ್ರಿಯಿಂದಲೇ ಬರೆಸಿಕೊಳ್ಳಿ. ಗಾಡಿಯ ಚಾಸಿಸ್ ನಂಬರು ಅಂಗಡಿಯವನಿಗೆ ಕೊಡಿ, ಒಂದೇ ಹೆಸರಿನ ಕಾರಿಗೂ ವರ್ಷಕ್ಕೆ ತಕ್ಕಂತೆ ಪ್ಲೇಟಿನ ಅಳತೆ ಬದಲಾಗುತ್ತದೆ. ಡಬ್ಬಿ ಒಡೆದಾಗ ಹೊಸ ಪ್ಲೇಟನ್ನು ಹಳೆಯದರ ಮೇಲಿಟ್ಟು ಸುತ್ತಳತೆ, ಹಲ್ಲಿನ ಎಣಿಕೆ ಸರಿನೋಡಿ. ಮಿಸ್ತ್ರಿ ಅದನ್ನು ನೋಡಿ ಹ್ಞೂಂ ಅಂದ ಮೇಲೆಯೇ ಒಳಗೆ ಹೋಗಲಿ.

ಕಾನೂನು ಕೂಡ ಸಣ್ಣ ಗ್ಯಾರೇಜಿನ ಪರ ಒಂದು ಹೆಜ್ಜೆ ಇಟ್ಟಿದೆ. ಬಿಡಿಭಾಗ, ರಿಪೇರಿ ಮಾಹಿತಿಗಳನ್ನು ತಮ್ಮ ಡೀಲರುಗಳ ಹೊರಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹೇರಿತು. ಹೊರಗಿನ ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದರು ಎಂಬ ಒಂದೇ ಕಾರಣಕ್ಕೆ ವಾರಂಟಿ ಸಾರಾಸಗಟಾಗಿ ರದ್ದು ಮಾಡುವ ಷರತ್ತು ಸಲ್ಲದು ಎಂದಿತು. ಆ ಆದೇಶದ ಮೇಲೆ ಮೇಲ್ಮನವಿಗಳು ನಡೆದವು, ಆದರೆ ಪ್ರಶ್ನೆ ಸಾರ್ವಜನಿಕವಾಯಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 'ರಿಪೇರಿ ಹಕ್ಕಿ'ನ ಪೋರ್ಟಲ್ ತೆರೆಯಿತು. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಕೆಲಸ ಮಾಡಿ ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ಪರಿಚಯದ ಮಿಸ್ತ್ರಿಯನ್ನು ಬಿಲ್ಲು ಕೇಳಲು ಸಂಕೋಚವಾಗುವುದು ಸಹಜ. ಆದರೂ ಕೇಳಬಹುದು, ಒಳ್ಳೆಯ ಮಿಸ್ತ್ರಿಗೆ ಅದರಿಂದ ಅವಮಾನವೇನಿಲ್ಲ.

ಯಾವ ಕೆಲಸ ಯಾರದು

ಎಲ್ಲ ತೂಗಿದ ಮೇಲೆ ನನಗೆ ಕಾಣುವುದು ಇಷ್ಟು. ಕ್ಲಚ್ ಕೆಲಸದಲ್ಲಿ ಕೈಯ ಪಾಲು ಬೇರೆ, ಕಣ್ಣಿನ ಪಾಲು ಬೇರೆ. ಕೈಯ ಪಾಲನ್ನು, ಅಂದರೆ ಗೇರ್ ಬಾಕ್ಸ್ ಇಳಿಸಿ ಏರಿಸುವುದನ್ನು, ಮಿಸ್ತ್ರಿಗೆ ಕೊಡುವುದೇ ನಮ್ಮ ಊರುಗಳಲ್ಲಿ ಲಾಭ. ಇಲ್ಲಿ ಮಜೂರಿ ಸಾಧನಕ್ಕಿಂತ ಅಗ್ಗ, ಎರೆ ಮಣ್ಣಿನ ಅಂಗಳ ಜ್ಯಾಕಿಗೆ ಹೊಂದುವುದಿಲ್ಲ, ಪಳಗಿದ ಕೈ ನಾಲ್ಕು ಹೆಜ್ಜೆಯಲ್ಲಿ ಸಿಗುತ್ತದೆ. ಕಾಂಕ್ರೀಟು ನೆಲ, ಸ್ಟ್ಯಾಂಡು, ಜೊತೆಗೊಬ್ಬ ಬಲ್ಲವ, ಎರಡು ದಿನ ಗಾಡಿ ಇಲ್ಲದಿದ್ದರೂ ನಡೆಯುವ ಮನೆ, ಈ ನಾಲ್ಕೂ ಇದ್ದವರು ಬೇಕಿದ್ದರೆ ಹಳೆಯ ಸರಳ ಕಾರಿನ ಮೇಲೆ ಕೈ ಹಚ್ಚಲಿ.

ಕಣ್ಣಿನ ಪಾಲನ್ನು ಮಾತ್ರ ಯಾರಿಗೂ ಗುತ್ತಿಗೆ ಕೊಡಬಾರದು. ಲಕ್ಷಣ ಗುರುತಿಸುವುದು, ಪೆಡಲಿನ ಪ್ಲೇ ನೋಡುವುದು, ಕೇಬಲ್ ಸಡಿಲಿಸುವುದು, ಹೈಡ್ರಾಲಿಕ್ ಆಯಿಲಿನ ಮಟ್ಟ ಪರೀಕ್ಷಿಸುವುದು, ಸೆಟ್ ಆರಿಸುವುದು ಮನೆಯ ಕೆಲಸ. ಏರಿನಲ್ಲಿ ಹ್ಯಾಂಡ್ ಬ್ರೇಕ್ ಹಾಕಿ ನ್ಯೂಟ್ರಲ್ಲಿನಲ್ಲಿ ನಿಲ್ಲುವುದು, ಓಡುವಾಗ ಪಾದವನ್ನು ಪೆಡಲಿನಿಂದ ಇಳಿಸಿ ನೆಲಕ್ಕಿಡುವುದು ಕೂಡ.

ಕೆಲಸ ಮುಗಿದ ದಿನ ಹಳೆಯ ಪ್ಲೇಟನ್ನು ಬಿಟ್ಟು ಬರಬೇಡಿ. ಕಾಗದದಲ್ಲಿ ಸುತ್ತಿ ಮನೆಗೆ ತನ್ನಿ. ಲೈನಿಂಗ್ ಎರಡೂ ಕಡೆ ಸಮವಾಗಿ ತೆಳುವಾಗಿದ್ದರೆ ಅದು ವಯಸ್ಸಾಗಿ ಹೋದದ್ದು. ಒದ್ದೆಯಾಗಿ ಮಿರುಗುತ್ತಿದ್ದರೆ ಎಲ್ಲೋ ಸೀಲು ಸೋರುತ್ತಿದೆ, ಅದನ್ನು ಕಟ್ಟಿದರೋ ಇಲ್ಲವೋ ಎಂದು ನಾಳೆಯೇ ಹೋಗಿ ಕೇಳಬೇಕು. ಕಮರಿ ಕಪ್ಪಾಗಿ ಸೀಳು ಬಿಟ್ಟಿದ್ದರೆ, ಲೈನಿಂಗ್ ಇನ್ನೂ ದಪ್ಪ ಇದ್ದೂ ಸುಟ್ಟಿದ್ದರೆ, ಕೇಬಲ್ಲಿನ ಪ್ಲೇ ಸರಿಯಿತ್ತೇ ಎಂದು ಮೊದಲು ನೆನಪಿಸಿಕೊಳ್ಳಿ. ಸರಿಯಿತ್ತು ಎಂದಾದರೆ ಗ್ಯಾರೇಜಿನವನನ್ನೂ ಅಂಗಡಿಯವನನ್ನೂ ಕೇಳಿ ಉಪಯೋಗವಿಲ್ಲ. ಮುಂದಿನ ಹುಣ್ಣಿಮೆಗೆ ಗುಡ್ಡ ಹತ್ತುವಾಗ ಮೂಗಿಗೆ ಆ ಘಾಟು ಬಂದರೆ, ಮುಂದಿನ ಗಾಡಿಯತ್ತ ನೋಡುವ ಮೊದಲು ನಿಮ್ಮ ಎಡಗಾಲು ಎಲ್ಲಿದೆ ನೋಡಿಕೊಳ್ಳಿ.